ಪ್ರಧಾನಿ ಟಿವಿಯಲ್ಲಿ ಮಕ್ಕಳ ಜೊತೆ ಮಾತಾಡ್ತಾರೆ, ಶಾಲೆ ಏನು ಮಾಡಬೇಕು?

ಜನವರಿ ಕೊನೆ ಬಂತೆಂದರೆ ಶಾಲೆಗಳ ವಾಟ್ಸಾಪ್ ಗುಂಪುಗಳಲ್ಲಿ ಒಂದು ಸುತ್ತೋಲೆ ಓಡಾಡಲು ಶುರುವಾಗುತ್ತದೆ. ಪ್ರಧಾನಿ ಪರೀಕ್ಷೆಯ ಬಗ್ಗೆ ಮಕ್ಕಳ ಜೊತೆ ಮಾತಾಡುವ ‘ಪರೀಕ್ಷಾ ಪೇ ಚರ್ಚಾ’ ನೇರಪ್ರಸಾರವಿದೆ, ಮಕ್ಕಳು ನೋಡಲು ವ್ಯವಸ್ಥೆ ಮಾಡಿ, ಎಷ್ಟು ಮಕ್ಕಳು ನೋಡಿದರು ಅಂತ ಸಂಜೆಯೊಳಗೆ ಫೋಟೋ ಸಮೇತ ಕಳಿಸಿ. ಎಷ್ಟೋ ಸಲ ಇದು ಕೈಸೇರುವುದೇ ಹಿಂದಿನ ದಿನ ಸಂಜೆ. ಆಮೇಲೆ ಪ್ರೊಜೆಕ್ಟರ್ ಎಲ್ಲಿದೆ, ಅದರ ಕೇಬಲ್ ಯಾರು ತಗೊಂಡು ಹೋದರು, ಇಂಟರ್ನೆಟ್ ಯಾರ ಮೊಬೈಲಿಂದ ಕೊಡುವುದು ಅಂತ ಓಡಾಟ. ಈ ಗಡಿಬಿಡಿಯಲ್ಲಿ ಮುಖ್ಯವಾದ ಪ್ರಶ್ನೆಗಳನ್ನು ಯಾರೂ ಕೇಳುವುದೇ ಇಲ್ಲ. ಮಕ್ಕಳಿಗೆ ಇದು ಅರ್ಥವಾಗುತ್ತಾ? ಬೇಡ ಅನ್ನುವ ಪೋಷಕರಿಗೆ ಏನು ಹೇಳಬೇಕು? ನಾಳೆ ಬೇರೆ ಪಕ್ಷದ ನಾಯಕರೊಬ್ಬರು ಇದೇ ಥರ ಮಾತಾಡಿದರೆ ನಮ್ಮ ಶಾಲೆ ಹೀಗೇ ಕುರ್ಚಿ ಜೋಡಿಸುತ್ತಾ?

ನನ್ನ ಅಭಿಪ್ರಾಯ ಮೊದಲೇ ಹೇಳಿಬಿಡುತ್ತೇನೆ. ತೋರಿಸಿ. ಆದರೆ ಒಂದು ಪಾಠದ ಹಾಗೆ ತೋರಿಸಿ, ಸಮಾರಂಭ ಮಾಡಬೇಡಿ. ಪಾಠ ಅಂದರೆ ಮುಂಚೆ ತಯಾರಿ ಇರುತ್ತದೆ, ಮಧ್ಯೆ ಪ್ರಶ್ನೆ ಇರುತ್ತದೆ, ಒಪ್ಪದೇ ಇರಲು ಜಾಗ ಇರುತ್ತದೆ. ಸಮಾರಂಭದಲ್ಲಿ ಚಪ್ಪಾಳೆ ಮತ್ತು ಫೋಟೋ ಮಾತ್ರ. ಕೆಳಗೆ ಬರೆದಿರುವುದೆಲ್ಲ ಈ ಒಂದು ವ್ಯತ್ಯಾಸವನ್ನು ಆ ದಿನ ಶಾಲೆಯೊಳಗೆ ಜಾರಿಗೆ ತರುವುದು ಹೇಗೆ ಅನ್ನುವುದರ ಬಗ್ಗೆ.

ಸುತ್ತೋಲೆಯನ್ನು ಪೂರ್ತಿ ಓದಿ

ಗುಂಪಿನಲ್ಲಿ ಬಂದ ಒಂದು ಸಾಲಿನ ಮೆಸೇಜು ಸುತ್ತೋಲೆ ಅಲ್ಲ. ಸಿಆರ್‌ಪಿ (ಕ್ಲಸ್ಟರ್ ಸಂಪನ್ಮೂಲ ವ್ಯಕ್ತಿ) ಹಾಕಿದ್ದು, ಅದನ್ನು ಇನ್ಯಾರೋ ಫಾರ್ವರ್ಡ್ ಮಾಡಿದ್ದು, ಕೊನೆಗೆ ನಿಮಗೆ ಬಂದಾಗ ‘ಕಡ್ಡಾಯ’ ಅನ್ನುವ ಪದ ಎಲ್ಲಿಂದಲೋ ಸೇರಿಕೊಂಡಿರುತ್ತದೆ. ಸಹಿ, ಸಂಖ್ಯೆ, ದಿನಾಂಕ ಇರುವ ಮೂಲ ಪತ್ರ ಕೇಳಿ ಪಡೆಯಿರಿ. ಬಿಇಒ (ಕ್ಷೇತ್ರ ಶಿಕ್ಷಣಾಧಿಕಾರಿ) ಕಚೇರಿಗೆ ಒಂದು ಫೋನ್ ಮಾಡಿದರೆ ಸಿಗುತ್ತದೆ. ಸಿಬಿಎಸ್‌ಇ ಶಾಲೆ, ಕೇಂದ್ರೀಯ ವಿದ್ಯಾಲಯ, ನವೋದಯದವರಿಗೆ ಸೂಚನೆ ಬರುವ ದಾರಿ ಬೇರೆ, ರಾಜ್ಯ ಪಠ್ಯಕ್ರಮದ ಶಾಲೆಗಳಿಗೆ ಬರುವ ದಾರಿ ಬೇರೆ. ಪಕ್ಕದ ಊರಿನ ಸಿಬಿಎಸ್‌ಇ ಶಾಲೆಗೆ ಬಂದ ಪತ್ರ ನೋಡಿ ನೀವು ಗಾಬರಿಯಾಗಬೇಕಿಲ್ಲ.

ಓದುವಾಗ ಮೂರು ವಿಷಯ ಬೇರೆ ಬೇರೆ ಮಾಡಿಕೊಳ್ಳಿ. ಶಾಲೆ ವ್ಯವಸ್ಥೆ ಮಾಡಬೇಕು ಅನ್ನುವುದು ಒಂದು. ಮಗು ಕೂತು ನೋಡಲೇಬೇಕು ಅನ್ನುವುದು ಇನ್ನೊಂದು. ವರದಿ, ಫೋಟೋ ಕಳಿಸಬೇಕು ಅನ್ನುವುದು ಮೂರನೆಯದು. ಪತ್ರದಲ್ಲಿ ಮೊದಲನೆಯದು ಮತ್ತು ಮೂರನೆಯದು ಇರುತ್ತದೆ. ಎರಡನೆಯದನ್ನು ಬಹಳ ಸಲ ನಾವೇ ಭಯದಿಂದ ಸೇರಿಸಿಕೊಳ್ಳುತ್ತೇವೆ.

ಈ ಗೊಂದಲ ಹೊಸದೇನಲ್ಲ. 2014ರ ಸೆಪ್ಟೆಂಬರ್ 5ರಂದು, ಶಿಕ್ಷಕರ ದಿನ, ನರೇಂದ್ರ ಮೋದಿ ಪ್ರಧಾನಿಯಾದ ಮೇಲೆ ಮೊದಲ ಸಲ ದೇಶದ ಶಾಲಾ ಮಕ್ಕಳ ಜೊತೆ ಟಿವಿಯಲ್ಲಿ ಮಾತಾಡಿದರು. ದೆಹಲಿಯ ಶಿಕ್ಷಣ ನಿರ್ದೇಶನಾಲಯದ ಸುತ್ತೋಲೆ ಎಷ್ಟು ಖಡಕ್ಕಾಗಿತ್ತೆಂದರೆ, ವ್ಯವಸ್ಥೆಯಲ್ಲಿ ಸಡಿಲ ಮಾಡಿದರೆ ಗಂಭೀರವಾಗಿ ಪರಿಗಣಿಸುತ್ತೇವೆ ಅನ್ನುವ ಎಚ್ಚರಿಕೆಯೂ ಅದರಲ್ಲಿತ್ತು. ಗಲಾಟೆಯಾಯಿತು. ಆಗ ಮಾನವ ಸಂಪನ್ಮೂಲ ಸಚಿವೆಯಾಗಿದ್ದ ಸ್ಮೃತಿ ಇರಾನಿ, ಇದು ಸ್ವಯಂಪ್ರೇರಿತ, ಕಡ್ಡಾಯ ಅಲ್ಲ ಅಂತ ಸ್ಪಷ್ಟನೆ ಕೊಟ್ಟರು. ಮೇಲಿನವರು ಬೇಕಾದವರು ನೋಡಲಿ ಅಂದದ್ದು ಕೆಳಗೆ ಬರುವಷ್ಟರಲ್ಲಿ ಹೇಗೆ ಬದಲಾಗುತ್ತದೆ ನೋಡಿ. ಮಧ್ಯದ ಅಧಿಕಾರಿಗಳಿಗೆ ನಂಬರ್ ಬೇಕು, ಅಷ್ಟೇ.

ಇನ್ನೊಂದು ವಿಷಯ. ಚುನಾವಣಾ ನೀತಿ ಸಂಹಿತೆ ಜಾರಿಯಲ್ಲಿದೆಯಾ ನೋಡಿಕೊಳ್ಳಿ. ಲೋಕಸಭೆ, ವಿಧಾನಸಭೆ ಮಾತ್ರ ಅಲ್ಲ, ಉಪಚುನಾವಣೆ, ಪಂಚಾಯಿತಿ ಚುನಾವಣೆ, ಪರಿಷತ್ತಿನ ಶಿಕ್ಷಕರ ಕ್ಷೇತ್ರದ ಚುನಾವಣೆಯೂ ಬರುತ್ತಿರುತ್ತದೆ. (ಶಿಕ್ಷಕರ ಕ್ಷೇತ್ರದ ಚುನಾವಣೆ ಸಮಯದಲ್ಲಿ ಸ್ಟಾಫ್ ರೂಮಿಗೆ ಯಾರ್ಯಾರು ಬಂದು ಹೋಗುತ್ತಾರೆ ಅನ್ನುವುದು ನಿಮಗೇ ಗೊತ್ತು, ನಾನು ಹೇಳಬೇಕಿಲ್ಲ.) ಪ್ರಧಾನಿಯೇ 2024ರ ಲೋಕಸಭೆ ಚುನಾವಣೆಗೆ ಮುಂಚೆ, ಫೆಬ್ರವರಿಯಲ್ಲಿ, ‘ಮನ್ ಕೀ ಬಾತ್’ ಮೂರು ತಿಂಗಳು ಇರುವುದಿಲ್ಲ ಅಂತ ಹೇಳಿ ನಿಲ್ಲಿಸಿದ್ದರು. ಸಂಹಿತೆ ಇರುವಾಗ ಅನುಮಾನ ಬಂದರೆ ತಾಲ್ಲೂಕಿನ ಚುನಾವಣಾ ಅಧಿಕಾರಿಗಳಿಗೆ ಬರೆದು ಕೇಳಿ, ಉತ್ತರವನ್ನು ಫೈಲಿಗೆ ಹಾಕಿ.

ಪೋಷಕರಿಗೆ ಮುಂಚೆ ತಿಳಿಸಿ

ಇದನ್ನು ಬಿಟ್ಟರೆ ಮಿಕ್ಕಿದ್ದೆಲ್ಲ ಕೆಡುತ್ತದೆ. ಮಗು ಸಂಜೆ ಮನೆಗೆ ಹೋಗಿ ‘ಇವತ್ತು ಪಾಠ ಇರಲಿಲ್ಲ, ಮೋದಿ ತೋರಿಸಿದರು’ ಅಂದರೆ ಅರ್ಧ ಊರು ಖುಷಿಪಡುತ್ತದೆ, ಇನ್ನರ್ಧ ಊರು ಮಾರನೇ ದಿನ ಗೇಟಿನ ಹತ್ತಿರ ನಿಂತಿರುತ್ತದೆ. ಮುಂಚೆಯೇ ಒಂದು ಚೀಟಿ ಹೋಗಿದ್ದರೆ ಎರಡೂ ಆಗುವುದಿಲ್ಲ. ಈ ಥರ ಬರೆಯಿರಿ:

‘ಆತ್ಮೀಯ ಪೋಷಕರೇ, ಇಂಥ ದಿನ ಬೆಳಗ್ಗೆ 11 ಗಂಟೆಗೆ ಪ್ರಧಾನಮಂತ್ರಿಯವರು ಪರೀಕ್ಷೆಯ ಬಗ್ಗೆ ವಿದ್ಯಾರ್ಥಿಗಳ ಜೊತೆ ಮಾತಾಡುವ ಕಾರ್ಯಕ್ರಮವನ್ನು 8, 9 ಮತ್ತು 10ನೇ ತರಗತಿಯ ಮಕ್ಕಳಿಗೆ ಶಾಲೆಯಲ್ಲಿ ತೋರಿಸುತ್ತಿದ್ದೇವೆ. ಕಾರ್ಯಕ್ರಮ ಹಿಂದಿಯಲ್ಲಿದೆ. ಮುಖ್ಯ ಮಾತುಗಳನ್ನು ಶಿಕ್ಷಕರು ಕನ್ನಡದಲ್ಲಿ ಹೇಳುತ್ತಾರೆ, ಆಮೇಲೆ ಚರ್ಚೆ ಇರುತ್ತದೆ. ನಿಮ್ಮ ಮಗು ನೋಡುವುದು ಬೇಡ ಎಂದಿದ್ದರೆ ತಿಳಿಸಿ, ಕಾರಣ ಹೇಳಬೇಕಿಲ್ಲ. ಆ ಮಕ್ಕಳಿಗೆ ಅದೇ ಸಮಯದಲ್ಲಿ ಗ್ರಂಥಾಲಯದಲ್ಲಿ ಗಣಿತದ ಅಭ್ಯಾಸ ಇರುತ್ತದೆ. ಹಾಜರಾತಿಗೆ ಯಾವ ತೊಂದರೆಯೂ ಇಲ್ಲ.’

ಇಷ್ಟೇ ಸಾಕು. ‘ಮಾನ್ಯ ಪ್ರಧಾನಿಯವರ ಸ್ಫೂರ್ತಿದಾಯಕ ನುಡಿಗಳನ್ನು ಆಲಿಸುವ ಸದವಕಾಶ’ ಅಂತೆಲ್ಲ ಬರೆಯಬೇಡಿ. ಕೇಳುವ ಮುಂಚೆಯೇ ಅದು ಸ್ಫೂರ್ತಿದಾಯಕ ಅಂತ ನಮಗೆ ಹೇಗೆ ಗೊತ್ತು ಅಲ್ವಾ? ‘ಕಾರಣ ಹೇಳಬೇಕಿಲ್ಲ’ ಅನ್ನುವ ಮಾತನ್ನು ಮಾತ್ರ ತೆಗೆಯಬೇಡಿ. ಕಾರಣ ಕೇಳಿದರೆ ಪೋಷಕರು ತಮ್ಮ ರಾಜಕೀಯವನ್ನು ಹೇಳಬೇಕಾಗುತ್ತದೆ, ಅದು ಶಾಲೆಗೆ ಬೇಡದ ಮಾಹಿತಿ.

ಫೋನ್ ಬರುತ್ತದೆ, ಬಂದೇ ಬರುತ್ತದೆ. ಒಬ್ಬರು ‘ಏನ್ ಮೇಷ್ಟ್ರೇ, ಶಾಲೆಯನ್ನು ಪಾರ್ಟಿ ಆಫೀಸು ಮಾಡ್ತಿದ್ದೀರಾ?’ ಅಂದರೆ, ‘ಇಲ್ಲ ಸರ್, ಪತ್ರ ಬಂದಿದೆ, ತೋರಿಸ್ತಿದ್ದೀವಿ, ಬೇಡ ಅಂದ್ರೆ ನಿಮ್ಮ ಮಗನಿಗೆ ಬೇರೆ ಕೆಲಸ ಇದೆ, ನೀವೂ ಬಂದು ಹಿಂದೆ ಕೂತು ನೋಡಬಹುದು’ ಅನ್ನಿ. ಇನ್ನೊಬ್ಬರು ‘ದೇಶದ ಪ್ರಧಾನಿ ಮಾತು ಕೇಳೋಕೆ ಆಗಲ್ಲ ಅನ್ನೋರ ಮಕ್ಕಳನ್ನು ಯಾಕೆ ಸರ್ ಬಿಡ್ತೀರಿ?’ ಅಂದರೂ ಅದೇ ಸಮಾಧಾನದಲ್ಲಿ, ‘ಅದು ಅವರ ಮನೆಯ ತೀರ್ಮಾನ ಸರ್’ ಅನ್ನಿ. ಎರಡೂ ಕಡೆಗೆ ಒಂದೇ ದನಿ ಇರಲಿ. ವಾಟ್ಸಾಪಿನಲ್ಲಿ ಉತ್ತರ ಕೊಡಲು ಹೋಗಬೇಡಿ, ಅದರ ಸ್ಕ್ರೀನ್‌ಶಾಟ್ ಸಂಜೆಗೆ ಊರೆಲ್ಲ ತಿರುಗುತ್ತದೆ.

ಶಿಕ್ಷೆ ಬೇಡ, ದಂಡ ಬೇಡ, ಹಂಗಿಸುವುದೂ ಬೇಡ

2023ರ ಏಪ್ರಿಲ್ 30ರಂದು ‘ಮನ್ ಕೀ ಬಾತ್’ನ ನೂರನೇ ಕಂತು ಪ್ರಸಾರವಾಯಿತು. ಚಂಡೀಗಢದ ಪಿಜಿಐಎಂಇಆರ್ ಅನ್ನುವ ವೈದ್ಯಕೀಯ ಸಂಸ್ಥೆಯ ನರ್ಸಿಂಗ್ ವಿಭಾಗದಲ್ಲಿ ಅದನ್ನು ಕೇಳಲು ಹೋಗದ 36 ವಿದ್ಯಾರ್ಥಿನಿಯರು ಒಂದು ವಾರ ಹಾಸ್ಟೆಲ್‌ನಿಂದ ಹೊರಗೆ ಹೋಗುವಂತಿಲ್ಲ ಅಂತ ಆದೇಶ ಮಾಡಿದರು. ಡೆಹ್ರಾಡೂನಿನ ಒಂದು ಖಾಸಗಿ ಶಾಲೆ, ಬರದ ಮಕ್ಕಳು 100 ರೂಪಾಯಿ ಕಟ್ಟಬೇಕು ಇಲ್ಲವೇ ವೈದ್ಯರ ಸರ್ಟಿಫಿಕೇಟ್ ತರಬೇಕು ಅಂತ ಮೆಸೇಜ್ ಕಳಿಸಿತು ಅನ್ನುವ ದೂರು ಬಂದು, ಶಿಕ್ಷಣ ಇಲಾಖೆಯೇ ಆ ಶಾಲೆಗೆ ನೋಟಿಸು ಕೊಟ್ಟಿತು. ರೇಡಿಯೋದಲ್ಲಿ ಏನು ಹೇಳಿದರು ಅನ್ನುವುದು ಯಾರಿಗೂ ನೆನಪಿಲ್ಲ, ಈ ಎರಡು ಸುದ್ದಿ ಮಾತ್ರ ಉಳಿದುಕೊಂಡವು. ನೋಡಿ, ಭಾಷಣಕ್ಕೆ ಮರ್ಯಾದೆ ಕೊಡಿಸುತ್ತೇವೆ ಅಂತ ಹೋದವರೇ ಅದಕ್ಕೆ ಮರ್ಯಾದೆ ಕಳೆದರು.

ಕಾನೂನೂ ನಿಮ್ಮ ಜೊತೆಗಿಲ್ಲ. ಶಿಕ್ಷಣ ಹಕ್ಕು ಕಾಯ್ದೆಯ 17ನೇ ಸೆಕ್ಷನ್ ದೈಹಿಕ ಶಿಕ್ಷೆಯ ಜೊತೆಗೆ ಮಾನಸಿಕ ಕಿರುಕುಳವನ್ನೂ ನಿಷೇಧಿಸಿದೆ. ಅದಕ್ಕಿಂತ ಹಳೆಯದು ಬಿಜೋ ಇಮ್ಯಾನುಯೆಲ್ ಪ್ರಕರಣ. ಕೇರಳದ ಒಂದು ಶಾಲೆಯಲ್ಲಿ ಮೂವರು ಮಕ್ಕಳು ರಾಷ್ಟ್ರಗೀತೆಗೆ ಗೌರವದಿಂದ ಎದ್ದು ನಿಲ್ಲುತ್ತಿದ್ದರು, ಆದರೆ ತಮ್ಮ ನಂಬಿಕೆಯ ಕಾರಣಕ್ಕೆ ಹಾಡುತ್ತಿರಲಿಲ್ಲ. ಶಾಲೆಯಿಂದ ಹೊರಹಾಕಿದರು. 1986ರಲ್ಲಿ ಸುಪ್ರೀಂ ಕೋರ್ಟ್ ಅದು ತಪ್ಪು ಅಂತ ಹೇಳಿ ಮಕ್ಕಳನ್ನು ವಾಪಸ್ ಸೇರಿಸಿಕೊಳ್ಳಲು ಆದೇಶಿಸಿತು. ರಾಷ್ಟ್ರಗೀತೆಯ ವಿಷಯದಲ್ಲೇ ಹೀಗೆ ಅಂದ ಮೇಲೆ ಒಂದು ಟಿವಿ ಕಾರ್ಯಕ್ರಮಕ್ಕೆ ಕೂರಲಿಲ್ಲ ಅಂತ ಯಾವ ಮಗುವನ್ನು ಹೇಗೆ ಶಿಕ್ಷಿಸುತ್ತೀರಿ?

ಹೊರಗೆ ಇರುವ ಮಕ್ಕಳ ವಿಷಯದಲ್ಲಿ ಒಂದು ಸೂಕ್ಷ್ಮ ಇದೆ. ಅವರನ್ನು ವರಾಂಡದಲ್ಲಿ ಸುಮ್ನೆ ಕೂರಿಸಬೇಡಿ, ಅದೂ ಒಂದು ಶಿಕ್ಷೆಯೇ. ಒಬ್ಬ ಶಿಕ್ಷಕರು ಜೊತೆಗಿರಲಿ, ನಿಜವಾದ ಕೆಲಸ ಕೊಡಿ. ಆದಷ್ಟೂ ಬೇರೆ ಕಾರಣಕ್ಕೆ ಅಲ್ಲಿರುವ ಮಕ್ಕಳನ್ನೂ ಸೇರಿಸಿ. ಪೂರ್ವಸಿದ್ಧತಾ ಪರೀಕ್ಷೆಗೆ ಓದುವುದು ಬಾಕಿ ಇದೆ, ಪ್ರಾಜೆಕ್ಟ್ ಬರೆಯುವುದಿದೆ ಅನ್ನುವವರು ಯಾವಾಗಲೂ ಇರುತ್ತಾರೆ. ಆಗ ಯಾರು ಯಾಕೆ ಅಲ್ಲಿದ್ದಾರೆ ಅನ್ನುವುದು ಯಾರ ಕಣ್ಣಿಗೂ ಕುಕ್ಕುವುದಿಲ್ಲ.

ಯಾರಿಗೆ, ಎಷ್ಟು ಹೊತ್ತು, ಯಾವ ಭಾಷೆಯಲ್ಲಿ

ಒಂದನೇ ತರಗತಿಯಿಂದ ಎಲ್ಲರನ್ನೂ ಪ್ರಾರ್ಥನಾ ಮೈದಾನದಲ್ಲಿ ಕೂರಿಸುವ ಶಾಲೆಗಳಿವೆ. ಸಂಖ್ಯೆ ಜಾಸ್ತಿ ತೋರಿಸಬಹುದು, ಅದು ಬಿಟ್ಟರೆ ಏನೂ ಪ್ರಯೋಜನ ಇಲ್ಲ. ಬಿಸಿಲಲ್ಲಿ ಕೂತ ಎರಡನೇ ಕ್ಲಾಸಿನ ಮಗುವಿಗೆ ಪರೀಕ್ಷೆಯ ಒತ್ತಡದ ಬಗ್ಗೆ ಏನು ಗೊತ್ತಾಗಬೇಕು? ಬೋರ್ಡ್ ಪರೀಕ್ಷೆ ಎದುರಿಗಿರುವವರು, ಜಾಸ್ತಿ ಅಂದರೆ ಅದರ ಹಿಂದಿನ ಎರಡು ತರಗತಿ, ಇಷ್ಟು ಸಾಕು.

ಸಮಯದ ಲೆಕ್ಕ ಮುಂಚೆ ಹಾಕಿ. ಕಾರ್ಯಕ್ರಮ ಎರಡು ಗಂಟೆ ಮುಟ್ಟಿದ್ದೂ ಇದೆ. 11ಕ್ಕೆ ಶುರುವಾದರೆ ಬಿಸಿಯೂಟದ ಹೊತ್ತಿಗೆ ತಗುಲುತ್ತದೆ. ಅಡುಗೆಯವರಿಗೆ ಹಿಂದಿನ ದಿನವೇ ಹೇಳಿ, ಮಕ್ಕಳಿಗೆ ಮೂತ್ರಕ್ಕೆ ಹೋಗಿಬರಲು ಮುಂಚೆ ಹತ್ತು ನಿಮಿಷ ಬಿಡಿ, ಮಧ್ಯದಲ್ಲಿ ಎದ್ದು ಹೋಗುವವರನ್ನು ಗದರಿಸಬೇಡಿ. 2014ರ ಕಾರ್ಯಕ್ರಮ ಇದ್ದದ್ದು ಮಧ್ಯಾಹ್ನ 3ರಿಂದ 4.45ರ ತನಕ. ಬೆಳಗಿನ ಪಾಳಿಯ ಶಾಲೆಗಳಲ್ಲಿ ಮಕ್ಕಳನ್ನು ಅಲ್ಲಿಯ ತನಕ ಹಿಡಿದಿಟ್ಟುಕೊಳ್ಳುವುದು ಹೇಗೆ ಅನ್ನುವುದೇ ದೊಡ್ಡ ತಲೆನೋವಾಗಿತ್ತು. ನಮ್ಮ ಹಳ್ಳಿಗಳಲ್ಲಿ ಸಂಜೆಯ ಒಂದೇ ಬಸ್ಸು ತಪ್ಪಿದರೆ ಹೆಣ್ಣುಮಕ್ಕಳು ಮನೆ ಸೇರುವುದು ಹೇಗೆ? ಬಸ್ಸಿನ ಸಮಯಕ್ಕೆ ಕಾರ್ಯಕ್ರಮ ಮುಗಿದಿಲ್ಲವೆಂದರೆ ಟಿವಿ ಆಫ್ ಮಾಡಿ, ಮಕ್ಕಳನ್ನು ಕಳಿಸಿ. ಉಳಿದದ್ದನ್ನು ಯೂಟ್ಯೂಬಿನಲ್ಲಿ ಯಾವಾಗ ಬೇಕಾದರೂ ನೋಡಬಹುದು.

ಈಗ ಭಾಷೆ. ನನ್ನ ಪ್ರಕಾರ ಕರ್ನಾಟಕದ ಶಾಲೆಗಳಲ್ಲಿ ಈ ಕಾರ್ಯಕ್ರಮ ಸೋಲುವುದು ಇಲ್ಲೇ. ಮಾತು ಬಹುಪಾಲು ಹಿಂದಿಯಲ್ಲಿ. ನಮ್ಮ ಸರ್ಕಾರಿ ಶಾಲೆಯ ಮಗು ಹಿಂದಿ ಅಕ್ಷರ ಕಲಿಯಲು ಶುರು ಮಾಡುವುದೇ ಆರನೇ ಕ್ಲಾಸಿನಲ್ಲಿ, ಅದೂ ಮೂರನೇ ಭಾಷೆಯಾಗಿ, ಪಾಸಾಗುವಷ್ಟು. ಸಹಜ ವೇಗದಲ್ಲಿ ಮಾತಾಡುವ ಹಿಂದಿ, ಮಧ್ಯೆ ಗಾದೆ, ತಮಾಷೆ. ಬೀದರ್, ಕಲಬುರಗಿ ಕಡೆಯ ಮಕ್ಕಳು, ಉರ್ದು ಶಾಲೆಯವರು ಪರವಾಗಿಲ್ಲ, ಹಿಡಿದುಕೊಳ್ಳುತ್ತಾರೆ. ಚಾಮರಾಜನಗರದ, ಕೊಡಗಿನ, ತೀರ್ಥಹಳ್ಳಿಯ ಮಗು? ಟಿವಿಯಲ್ಲಿ ಜನ ನಕ್ಕಾಗ ತಾನೂ ನಗುತ್ತದೆ, ಅಷ್ಟೇ. ಎರಡು ಗಂಟೆ ಅರ್ಥವಾಗದ ಮಾತು ಕೇಳಿಸಿ ‘ಒತ್ತಡ ಕಡಿಮೆ ಮಾಡಿದೆವು’ ಅಂತ ವರದಿ ಬರೆಯುವುದು ಯಾರಿಗೆ ಮೋಸ?

ಅದಕ್ಕೆ ಪರಿಹಾರ ಸುಲಭ, ಆದರೆ ನೇರಪ್ರಸಾರದ ಮೋಹ ಬಿಡಬೇಕು. ಸುತ್ತೋಲೆ ನೇರಪ್ರಸಾರವೇ ಆಗಬೇಕು ಅಂದರೆ ಮೊದಲ ಇಪ್ಪತ್ತು, ಮೂವತ್ತು ನಿಮಿಷ ನೇರ ತೋರಿಸಿ. ಆಮೇಲೆ ನಿಲ್ಲಿಸಿ. ಮಾರನೇ ದಿನವೋ ಆ ವಾರದಲ್ಲೋ ರೆಕಾರ್ಡಿಂಗ್ ಹಾಕಿ, ಹಿಂದಿ ಶಿಕ್ಷಕರನ್ನು ಪಕ್ಕದಲ್ಲಿ ನಿಲ್ಲಿಸಿ, ಎರಡು ಮೂರು ನಿಮಿಷಕ್ಕೊಮ್ಮೆ ನಿಲ್ಲಿಸಿ, ಕನ್ನಡದಲ್ಲಿ ಹೇಳಿ, ಮುಂದಕ್ಕೆ ಹೋಗಿ. ಇಡೀ ಕಾರ್ಯಕ್ರಮ ಬೇಕಾಗಿಲ್ಲ, ಮಕ್ಕಳಿಗೆ ತಾಗುವ ನಾಲ್ಕೈದು ಪ್ರಶ್ನೆ ಸಾಕು. ಹಿಂದಿ ಶಿಕ್ಷಕರಿಗೆ ಹಿಂದಿನ ರಾತ್ರಿಯೇ ರೆಕಾರ್ಡಿಂಗ್ ನೋಡಿಕೊಂಡು ಬರಲು ಹೇಳಿ. ಅವರಿಗೂ ವರ್ಷಕ್ಕೊಂದು ಸಲ ಎಲ್ಲರ ಕಣ್ಣು ತಮ್ಮ ಮೇಲಿರುವ ದಿನ. ಒಂದು ಕಿವಿಮಾತು, ಅನುವಾದ ಮಾಡುವವರು ತಮ್ಮ ಅಭಿಪ್ರಾಯ ಸೇರಿಸಬಾರದು. ಹೊಗಳಿಕೆಯೂ ಬೇಡ, ಮೂಗು ಮುರಿಯುವುದೂ ಬೇಡ.

ಯಂತ್ರಗಳ ವಿಷಯ ಬೇಗ ಮುಗಿಸುತ್ತೇನೆ. ಡಿಡಿ ವಾಹಿನಿಯಲ್ಲೂ ಬರುತ್ತದೆ, ಯೂಟ್ಯೂಬಿನಲ್ಲೂ ಬರುತ್ತದೆ. ಕರೆಂಟು ಗ್ಯಾರಂಟಿ ಇಲ್ಲದ ಕಡೆ ಯುಪಿಎಸ್ ಚಾರ್ಜ್ ನೋಡಿಕೊಳ್ಳಿ. ಲ್ಯಾಪ್‌ಟಾಪಿನ ಪುಟ್ಟ ಸ್ಪೀಕರ್ ಹಿಂದಿನ ಸಾಲಿಗೆ ಕೇಳುವುದಿಲ್ಲ, ಪ್ರಾರ್ಥನೆಗೆ ಬಳಸುವ ಅಹುಜಾ ಆಂಪ್ಲಿಫೈಯರಿಗೆ ಸಿಕ್ಕಿಸುವ ವೈರ್ ಹಿಂದಿನ ದಿನವೇ ಹಾಕಿ ನೋಡಿ. ಯೂಟ್ಯೂಬಿನಲ್ಲಾದರೆ ಪಕ್ಕದ ಚಾಟ್ ಮುಚ್ಚಿಬಿಡಿ, ಅಲ್ಲಿ ಜನ ಬರೆಯುವುದನ್ನು ಮಕ್ಕಳು ಓದುವುದು ಬೇಡ. ಶಿಕ್ಷಕರು ಸ್ವಂತ ಮೊಬೈಲ್ ಪರದೆಗೆ ಹಾಕಲೇಬಾರದು. ಹೆಂಡತಿಯ ‘ಬರ್ತಾ ಕೊತ್ತಂಬರಿ ತನ್ನಿ’ ಮೆಸೇಜು ಪ್ರಧಾನಿಯ ಮುಖದ ಮೇಲೆ ತೇಲಿ ಬಂದರೆ ಆಮೇಲೆ ಯಾವ ಶಿಸ್ತೂ ಉಳಿಯುವುದಿಲ್ಲ.

ಗೇಟಿನಲ್ಲಿ ತಡೆಯಬೇಕಾದವರು

ಕಾರ್ಯಕ್ರಮದ ಸುದ್ದಿ ಹರಡಿದ ಕೂಡಲೇ ಸ್ಥಳೀಯ ಮುಖಂಡರಿಗೆ ಉತ್ಸಾಹ ಬರುತ್ತದೆ. ಒಬ್ಬರು ಫ್ಲೆಕ್ಸ್ ಹಾಕಿಸುತ್ತೇನೆ ಅನ್ನುತ್ತಾರೆ, ಇನ್ನೊಬ್ಬರು ಮಕ್ಕಳಿಗೆ ಲಾಡು ಮತ್ತು ಪೆನ್ನು ಕೊಡುತ್ತೇನೆ ಅನ್ನುತ್ತಾರೆ, ಪೆನ್ನಿನ ಮೇಲೆ ಅವರ ಫೋಟೋ ಇರುತ್ತದೆ. ಮುಂದಿನ ಸಾಲಿನಲ್ಲಿ ಶಾಲು ಹೊದ್ದು ಕೂತು, ಮಕ್ಕಳ ಜೊತೆ ಸೆಲ್ಫಿ ತೆಗೆದು, ಹತ್ತು ನಿಮಿಷಕ್ಕೆ ಎದ್ದು ಹೋಗುವವರೂ ಇದ್ದಾರೆ. ಎಸ್‌ಡಿಎಂಸಿ (ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ) ಅಧ್ಯಕ್ಷರೇ ಅಂಥವರಾದರೆ ಕಷ್ಟ ಜಾಸ್ತಿ. ಅಧ್ಯಕ್ಷರು ಪೋಷಕರಾಗಿ ಬರಲಿ, ಹಿಂದೆ ಕೂರಲಿ. ಶಾಲು, ಬಾವುಟ, ಫ್ಲೆಕ್ಸ್, ಹಂಚುವ ಸಾಮಾನು ಇವು ಗೇಟಿನ ಹೊರಗೆ. ಇದನ್ನು ಬಾಯಲ್ಲಿ ಹೇಳಿದರೆ ಮುಖ ಕೆಡುತ್ತದೆ, ಅದಕ್ಕೆ ಮುಂಚೆಯೇ ಎಸ್‌ಡಿಎಂಸಿ ಸಭೆಯಲ್ಲಿ ಒಂದು ನಡಾವಳಿ ಬರೆಸಿಡಿ: ‘ಯಾವುದೇ ಪಕ್ಷದ ನಾಯಕರ ಕಾರ್ಯಕ್ರಮ ತೋರಿಸುವಾಗ ಶಾಲೆಯೊಳಗೆ ಪಕ್ಷದ ಚಿಹ್ನೆ, ಫೋಟೋ, ಹಂಚಿಕೆ ಇರುವುದಿಲ್ಲ.’ ಆಮೇಲೆ ಯಾರು ಬಂದರೂ ಪುಸ್ತಕ ತೆಗೆದು ತೋರಿಸಿದರೆ ಆಯಿತು. ಶಾಲೆಯ ಅನುದಾನದಿಂದ ಬ್ಯಾನರಿಗೆ ಒಂದು ರೂಪಾಯಿಯೂ ಹೋಗಬಾರದು.

‘ಯಾವುದೇ ಪಕ್ಷದ’ ಅಂತ ಬರೆಯಿರಿ ಅಂದೆನಲ್ಲ, ಅದನ್ನು ಮನಸ್ಸಿಟ್ಟು ಬರೆಯಿರಿ. ದೆಹಲಿಯಿಂದ ಮಾತ್ರ ಸೂಚನೆ ಬರುವುದಿಲ್ಲ. 2023ರ ಸೆಪ್ಟೆಂಬರ್ 15ರಂದು, ಪ್ರಜಾಪ್ರಭುತ್ವ ದಿನ, ಮುಖ್ಯಮಂತ್ರಿ ಸಿದ್ದರಾಮಯ್ಯನವರ ಜೊತೆಗೆ ರಾಜ್ಯದಾದ್ಯಂತ ಸಂವಿಧಾನ ಪೀಠಿಕೆ ಓದುವ ಕಾರ್ಯಕ್ರಮ ಆದಾಗ ಶಾಲೆಗಳೂ ಸೇರಿಕೊಂಡವು. ಪೀಠಿಕೆ ಓದುವುದಕ್ಕೂ ಒಬ್ಬ ನಾಯಕರ ಭಾಷಣ ಕೇಳುವುದಕ್ಕೂ ವ್ಯತ್ಯಾಸ ಇದೆ, ಒಪ್ಪುತ್ತೇನೆ. ಆದರೆ ಅವತ್ತು ಮುಖ್ಯಮಂತ್ರಿಯ ಕಾರ್ಯಕ್ರಮಕ್ಕೆ ಶಾಲೆ ಏನು ಮಾಡಿತು, ಇವತ್ತು ಪ್ರಧಾನಿಯ ಕಾರ್ಯಕ್ರಮಕ್ಕೆ ಏನು ಮಾಡುತ್ತಿದೆ ಅಂತ ಊರಿನವರು ತಾಳೆ ಹಾಕಿ ನೋಡುತ್ತಾರೆ. ಸರ್ಕಾರ ಬದಲಾದ ಕೂಡಲೇ ನಿಮ್ಮ ಶಾಲೆಯ ನಿಯಮವೂ ಬದಲಾದರೆ, ಅದು ನಿಯಮವೇ ಅಲ್ಲ.

ಅಮೆರಿಕದಲ್ಲಿ ಇದು ಚೆನ್ನಾಗಿ ಕಾಣಿಸಿತು. 1991ರ ಅಕ್ಟೋಬರ್ 1ರಂದು ರಿಪಬ್ಲಿಕನ್ ಅಧ್ಯಕ್ಷ ಜಾರ್ಜ್ ಬುಷ್ (ಹಿರಿಯರು) ವಾಷಿಂಗ್ಟನ್ನಿನ ಒಂದು ಶಾಲೆಯಿಂದ ದೇಶದ ಮಕ್ಕಳಿಗೆ ಮಾತಾಡಿದರು. ಸರ್ಕಾರದ ದುಡ್ಡಲ್ಲಿ ರಾಜಕೀಯ ಪ್ರಚಾರ ಅಂತ ಡೆಮಾಕ್ರಟರು ಕೂಗಾಡಿದರು. 2009ರ ಸೆಪ್ಟೆಂಬರ್ 8ರಂದು ಡೆಮಾಕ್ರಟ್ ಅಧ್ಯಕ್ಷ ಬರಾಕ್ ಒಬಾಮ ವರ್ಜೀನಿಯಾದ ಆರ್ಲಿಂಗ್ಟನ್ನಿನ ವೇಕ್‌ಫೀಲ್ಡ್ ಹೈಸ್ಕೂಲಿನಿಂದ ಮಾತಾಡಿದಾಗ ಕೂಗಾಡುವ ಸರದಿ ರಿಪಬ್ಲಿಕನ್ನರದ್ದು. ಕೆಲವು ಕಡೆ ಶಾಲೆಗಳು ತೋರಿಸಲೇ ಇಲ್ಲ, ಕೆಲವು ಪೋಷಕರು ಮಕ್ಕಳನ್ನು ಮನೆಯಲ್ಲೇ ಇಟ್ಟುಕೊಂಡರು. ಭಾಷಣದಲ್ಲಿ ಇದ್ದದ್ದು ಕಷ್ಟಪಟ್ಟು ಓದಿ, ಶಾಲೆ ಬಿಡಬೇಡಿ, ಕೈ ತೊಳೆಯಿರಿ ಅನ್ನುವಂಥ ಮಾತು. ಬೆಂಕಿ ಹೊತ್ತಿದ್ದು ಭಾಷಣಕ್ಕೆ ಮುಂಚೆ ಶಿಕ್ಷಣ ಇಲಾಖೆ ಕಳಿಸಿದ ಚಟುವಟಿಕೆ ಹಾಳೆಯಿಂದ. ಅಧ್ಯಕ್ಷರಿಗೆ ಸಹಾಯ ಮಾಡಲು ನಾನೇನು ಮಾಡಬಹುದು ಅಂತ ಮಕ್ಕಳು ತಮಗೇ ಪತ್ರ ಬರೆದುಕೊಳ್ಳಲಿ ಅನ್ನುವ ಸಲಹೆ ಅದರಲ್ಲಿತ್ತು. ಆಮೇಲೆ ಆ ಸಾಲನ್ನು ಬದಲಾಯಿಸಿದರು, ಭಾಷಣದ ಪೂರ್ತಿ ಪಠ್ಯವನ್ನು ಹಿಂದಿನ ದಿನವೇ ಪ್ರಕಟಿಸಿದರು. ಓದಿ ನೋಡಿದ ಮೇಲೆ ಬಹಳ ಜನ ತಣ್ಣಗಾದರು.

ನಮಗೆ ಇದರಿಂದ ಬೇಕಾದ್ದು ಇಷ್ಟು: ಭಾಷಣಕ್ಕಿಂತ ಅದರ ಜೊತೆ ಬರುವ ಹಾಳೆಗಳನ್ನು ಹುಷಾರಾಗಿ ಓದಿ. ಪ್ರಬಂಧ, ಪೋಸ್ಟರ್, ಘೋಷವಾಕ್ಯ ಸ್ಪರ್ಧೆ, ಪ್ರಧಾನಿಗೆ ಪತ್ರ. ‘ಪರೀಕ್ಷೆಯ ದಿನ ನನಗೆ ಏನನ್ನಿಸುತ್ತದೆ’ ಅಂತ ಬರೆಸುವುದು ಸರಿ. ‘ಪ್ರಧಾನಿಯವರು ನನಗೆ ಯಾಕೆ ಇಷ್ಟ’ ಅಂತ ಬರೆಸುವುದು ಬೇಡ. ನಾಯಕರಿಗೆ ಪತ್ರ ಬರೆಸಲೇಬೇಕೆಂದಿದ್ದರೆ ದೂರು ಬರೆಯಲೂ ಬಿಡಿ. ನಮ್ಮ ಶಾಲೆಗೆ ವಿಜ್ಞಾನದ ಶಿಕ್ಷಕರಿಲ್ಲ, ಶೌಚಾಲಯಕ್ಕೆ ನೀರಿಲ್ಲ ಅಂತ ಮಗು ಬರೆದರೆ ಅದನ್ನು ತಿದ್ದಿಸದೆ ಹಾಗೇ ಕಳಿಸುವ ಧೈರ್ಯ ಇದ್ದರೆ ಮಾತ್ರ ಪತ್ರ ಬರೆಸಿ.

ನೋಡಿದ ಮೇಲಿನ ಚರ್ಚೆ

ಪಾಠ ಇರುವುದು ಇಲ್ಲೇ, ಆದರೆ ಹೆಚ್ಚಿನ ಶಾಲೆಗಳಲ್ಲಿ ಟಿವಿ ಆಫ್ ಆದ ತಕ್ಷಣ ಮುಗಿಯಿತು. ಒಂದು ಪೀರಿಯಡ್ ಇದಕ್ಕೆ ಇಡಿ.

ಉದಾಹರಣೆಗೆ 2020ರ ಜನವರಿ 20ರ ಕಾರ್ಯಕ್ರಮ ತೆಗೆದುಕೊಳ್ಳಿ. ದೆಹಲಿಯ ತಾಲ್ಕಟೋರಾ ಕ್ರೀಡಾಂಗಣದಲ್ಲಿ ಪ್ರಧಾನಿ ಮಕ್ಕಳಿಗೆ ಧೈರ್ಯ ಹೇಳಲು ಎರಡು ಕ್ರಿಕೆಟ್ ಕಥೆ ಹೇಳಿದರು. ಒಂದು 2001ರ ಕೋಲ್ಕತ್ತ ಟೆಸ್ಟ್, ಫಾಲೋಆನ್ ಆದ ಮೇಲೆ ದ್ರಾವಿಡ್ ಮತ್ತು ಲಕ್ಷ್ಮಣ್ ಆಡಿದ ಆಟ. ಇನ್ನೊಂದು 2002ರಲ್ಲಿ ಆಂಟಿಗುವಾದಲ್ಲಿ ದವಡೆ ಮುರಿದಿದ್ದರೂ ತಲೆಗೆ ಬ್ಯಾಂಡೇಜ್ ಸುತ್ತಿಕೊಂಡು ಅನಿಲ್ ಕುಂಬ್ಳೆ ಬೌಲಿಂಗ್ ಮಾಡಿದ್ದು. ಇಬ್ಬರು ನಮ್ಮ ಬೆಂಗಳೂರಿನವರು, ಮಕ್ಕಳ ಕಿವಿ ನೆಟ್ಟಗಾಗುತ್ತದೆ. ಈಗ ಶಿಕ್ಷಕರು ಮಾಡಬೇಕಾದ್ದು ‘ನೋಡಿ ಮಕ್ಕಳೇ, ಕುಂಬ್ಳೆ ಥರ ಇರಬೇಕು’ ಅಂತ ಹೇಳಿ ಮುಗಿಸುವುದಲ್ಲ. ಕೇಳಿ: ಕುಂಬ್ಳೆ ಮಾಡಿದ್ದು ಸರಿಯಾ? ನಿನಗೆ ಜ್ವರ 103 ಇದ್ದರೆ ಪರೀಕ್ಷೆ ಬರೆಯಬೇಕಾ? ದ್ರಾವಿಡ್ 180 ಹೊಡೆದ ದಿನ ಎದುರಿಗೆ ಲಕ್ಷ್ಮಣ್ ಇದ್ದರು, ಪರೀಕ್ಷೆ ಕೋಣೆಯಲ್ಲಿ ನಿನ್ನ ಎದುರಿಗೆ ಯಾರಿರುತ್ತಾರೆ? ಈಗ ಎಸ್ಸೆಸ್ಸೆಲ್ಸಿಗೆ ಒಂದೇ ವರ್ಷದಲ್ಲಿ ಒಂದಕ್ಕಿಂತ ಹೆಚ್ಚು ಪರೀಕ್ಷೆಯ ಅವಕಾಶ ಇದೆ, ಹಾಗಿದ್ದ ಮೇಲೆ ನೋವಲ್ಲೂ ಆಡಲೇಬೇಕು ಅನ್ನುವ ಕಥೆ ಎಷ್ಟು ಹೊಂದುತ್ತದೆ? ಹದಿನೈದು ವರ್ಷದ ಮಕ್ಕಳು ಇದಕ್ಕೆ ಎಷ್ಟು ಚೆನ್ನಾಗಿ ಉತ್ತರ ಕೊಡುತ್ತಾರೆ ಅಂದರೆ ನಿಮಗೇ ಆಶ್ಚರ್ಯವಾಗುತ್ತದೆ.

ಬೇರೆ ಯಾವ ವರ್ಷದ ಕಾರ್ಯಕ್ರಮಕ್ಕೂ ಇದೇ ದಾರಿ. ಏನು ಹೇಳಿದರು, ಅದರಲ್ಲಿ ನಿನ್ನ ಮನೆಯಲ್ಲಿ ಆಗುವಂಥದ್ದು ಯಾವುದು, ಆಗದೇ ಇರುವುದು ಯಾವುದು, ನಿನಗೆ ಒಪ್ಪಿಗೆಯಾಗದ ಮಾತು ಯಾವುದು, ಅವರು ಹೇಳದೇ ಬಿಟ್ಟದ್ದು ಏನು. ರಾತ್ರಿ ಬೇಗ ಮಲಗಿ ಅನ್ನುವ ಸಲಹೆ ಒಳ್ಳೆಯದೇ. ಆದರೆ ಬೆಳಗ್ಗೆ ಐದಕ್ಕೆ ಎದ್ದು ಹಾಲು ಕರೆದು ಡೇರಿಗೆ ಹಾಕಿ ಬರುವ ಹುಡುಗಿಗೆ ಅದು ಹೇಗೆ ಕೇಳಿಸುತ್ತದೆ? ಅವಳು ಹೇಳಲಿ, ಉಳಿದವರು ಕೇಳಿಸಿಕೊಳ್ಳಲಿ.

ಸಮಾಜ ವಿಜ್ಞಾನದವರು 2014ರ ಒಂದು ತುಣುಕನ್ನು ಬಳಸಬಹುದು. ಇಂಫಾಲದ ಒಬ್ಬ ವಿದ್ಯಾರ್ಥಿ ‘ನಾನು ಪ್ರಧಾನಿ ಆಗುವುದು ಹೇಗೆ’ ಅಂತ ಕೇಳಿದ. 2024ರ ಚುನಾವಣೆಗೆ ತಯಾರಿ ಮಾಡಿಕೋ ಅಂತ ಮೋದಿ ತಮಾಷೆ ಮಾಡಿದರು, ಅಲ್ಲಿಯ ತನಕ ತಮಗೆ ಅಪಾಯವಿಲ್ಲ ಅನ್ನುವ ಅರ್ಥದಲ್ಲಿ. ಎಲ್ಲರೂ ನಕ್ಕರು. ಇದು ಸುಮ್ನೆ ಜೋಕಾ, ಅಥವಾ ಇದರಲ್ಲಿ ರಾಜಕೀಯ ಇದೆಯಾ? ಮಕ್ಕಳ ಎದುರು ಮಾತಾಡುವಾಗ ಒಬ್ಬ ನಾಯಕ ಯಾರ ಜೊತೆ ಮಾತಾಡುತ್ತಿರುತ್ತಾನೆ, ಮಕ್ಕಳ ಜೊತೆಯಾ, ಅವರ ಅಪ್ಪ ಅಮ್ಮನ ಜೊತೆಯಾ? ಒಂದು ಪೀರಿಯಡ್ ಸಾಲುವುದಿಲ್ಲ.

ಚರ್ಚೆ ಬಿಸಿಯಾದರೆ ಹೆದರಬೇಡಿ. ಒಬ್ಬ ಹುಡುಗ ‘ನಮ್ಮಪ್ಪ ಇವರಿಗೆ ಓಟ್ ಹಾಕಲ್ಲ ಸರ್’ ಅಂದರೆ, ‘ಓಟು ಗುಟ್ಟಾಗಿರುತ್ತೆ ಕಣೋ, ಅಪ್ಪನ ಗುಟ್ಟನ್ನ ಇಲ್ಲಿ ಬಿಟ್ಟುಕೊಡಬೇಡ. ನಿನಗೆ ಆ ಸಲಹೆ ಸರಿ ಅನ್ನಿಸ್ತಾ, ಅದು ಹೇಳು’ ಅಂತ ವಿಷಯಕ್ಕೆ ಎಳೆದುಕೊಳ್ಳಿ. ನಾಯಕರ ಹೆಸರು ಕೂಗುವವರು, ಹೋ ಅಂತ ಗೇಲಿ ಮಾಡುವವರು, ಇಬ್ಬರಿಗೂ ಒಂದೇ ನಿಯಮ: ಕ್ಲಾಸಿನಲ್ಲಿ ಘೋಷಣೆ ಇಲ್ಲ. ‘ಮಿಸ್, ನೀವ್ ಯಾರಿಗೆ ಓಟ್ ಹಾಕ್ತೀರಿ?’ ಅಂತ ಯಾರಾದರೂ ಕೇಳೇ ಕೇಳುತ್ತಾರೆ. ನಕ್ಕು ‘ಹೇಳಲ್ಲ’ ಅನ್ನಿ. ನೀವು ಸರ್ಕಾರಿ ನೌಕರರಾದರೆ ನಡತೆ ನಿಯಮವೂ ಅದನ್ನೇ ಬಯಸುತ್ತದೆ. ಇದೇ ಮಾತು ಅವತ್ತಿನ ವಾಟ್ಸಾಪ್ ಸ್ಟೇಟಸ್ಸಿಗೂ ಅನ್ವಯ. ಬೆಳಗ್ಗೆ ಪಕ್ಷಪಾತವಿಲ್ಲದೆ ಪಾಠ ಮಾಡಿ ಸಂಜೆ ಸ್ಟೇಟಸ್ಸಿನಲ್ಲಿ ಜೈ ಅಂತಲೋ ಛೀ ಅಂತಲೋ ಹಾಕಿದರೆ ಪೋಷಕರು ನಂಬುವುದು ಸ್ಟೇಟಸ್ಸನ್ನೇ.

ವರದಿ ಮತ್ತು ಫೋಟೋ

ಗೂಗಲ್ ಫಾರ್ಮಿನಲ್ಲಿ ನಿಜವಾದ ಸಂಖ್ಯೆ ಹಾಕಿ. 140ರಲ್ಲಿ 112 ಜನ ನೋಡಿದ್ದರೆ 112. ದೊಡ್ಡ ಸಂಖ್ಯೆಗಳ ಸೆಳೆತ ಎಲ್ಲಾ ಮಟ್ಟದಲ್ಲೂ ಇದೆ. 2025ರ ಕಾರ್ಯಕ್ರಮಕ್ಕೆ 3.53 ಕೋಟಿ ನೋಂದಣಿ ಆಗಿ ಗಿನ್ನೆಸ್ ದಾಖಲೆಯೂ ಆಯಿತು. ಅದು ಅವರ ದಾಖಲೆ. ನಿಮ್ಮ ಶಾಲೆಯ ಹಾಜರಿ ಪುಸ್ತಕದಲ್ಲಿ ಗೈರುಹಾಜರಿ ಇರುವ ಮಗು ನಿಮ್ಮ ಫಾರ್ಮಿನಲ್ಲಿ ಟಿವಿ ನೋಡಿದ್ದರೆ ಮುಂದೆ ವಿವರಣೆ ಕೊಡಬೇಕಾದವರು ನೀವೇ. ಪೋರ್ಟಲ್‌ನಲ್ಲಿ ಮಕ್ಕಳ ಹೆಸರು ನೋಂದಾಯಿಸುವುದಕ್ಕೂ ಪೋಷಕರಿಗೆ ಹೇಳಿ ಒಪ್ಪಿಗೆ ಪಡೆಯಿರಿ. ಶಿಕ್ಷಕರ ಒಂದೇ ಮೊಬೈಲಿಂದ ಸಾಲಾಗಿ ಎಲ್ಲರನ್ನೂ ತುಂಬಿಸುವುದು ಬೇಡ. ಫೋಟೋ ಹಿಂದಿನಿಂದ ತೆಗೆಯಿರಿ, ಪರದೆ ಕಾಣಲಿ, ಮಕ್ಕಳ ತಲೆ ಕಾಣಲಿ, ಮುಖ ಬೇಡ. ವರದಿಗೆ ಅಷ್ಟು ಸಾಕು.

ಫೈಲಿನಲ್ಲಿ ಮೂಲ ಸುತ್ತೋಲೆ, ಪೋಷಕರಿಗೆ ಕಳಿಸಿದ ಚೀಟಿ, ಎಸ್‌ಡಿಎಂಸಿ ನಡಾವಳಿ, ನೋಡಿದವರ ಸಂಖ್ಯೆ, ಹೊರಗಿದ್ದ ಮಕ್ಕಳಿಗೆ ಕೊಟ್ಟ ಕೆಲಸ, ಇವಿಷ್ಟು ಇರಲಿ. ಯಾರು ಹೊರಗಿದ್ದರು ಅನ್ನುವ ಹೆಸರುಗಳ ಪಟ್ಟಿ ಬೇಡ, ಯಾರೇ ಕೇಳಿದರೂ.

ಕೊನೆಯದಾಗಿ, ಪರೀಕ್ಷೆಯ ಭಯದ ಬಗ್ಗೆ ಒಂದು ಗಂಟೆ ಮಾತಾಡಿದ ಮೇಲೆ ಯಾವುದಾದರೂ ಒಂದು ಮಗು ಬಂದು ನಿಮ್ಮ ಟೇಬಲ್ ಪಕ್ಕ ನಿಲ್ಲುತ್ತದೆ. ನಿದ್ದೆ ಬರ್ತಿಲ್ಲ, ಮನೆಯಲ್ಲಿ ಹೊಡೀತಾರೆ, ಫೇಲಾದರೆ ಮದುವೆ ಮಾಡ್ತಾರಂತೆ ಅನ್ನುತ್ತದೆ. ಆ ಸಂಜೆ ವರದಿ ಕಳಿಸುವುದು ತಡವಾದರೂ ಪರವಾಗಿಲ್ಲ, ಅದರ ಮಾತು ಮೊದಲು ಕೇಳಿ. ಮನಸ್ಸಿನ ತೊಂದರೆಗೆ ಟೆಲಿ ಮಾನಸ್ ಸಹಾಯವಾಣಿ 14416, ದಿನದ ಯಾವ ಹೊತ್ತಲ್ಲಾದರೂ ಉಚಿತ. ಅದರ ಮುಖ್ಯ ಕೇಂದ್ರವೇ ನಮ್ಮ ಬೆಂಗಳೂರಿನ ನಿಮ್ಹಾನ್ಸ್, ಕನ್ನಡದಲ್ಲೇ ಮಾತಾಡಬಹುದು. ಹೊಡೆತ, ಬಾಲ್ಯವಿವಾಹದ ವಿಷಯವಾದರೆ ಮಕ್ಕಳ ಸಹಾಯವಾಣಿ 1098. ಎರಡನ್ನೂ ಕಾರ್ಯಕ್ರಮದ ದಿನವೇ ನೋಟಿಸ್ ಬೋರ್ಡಿನಲ್ಲಿ ದೊಡ್ಡದಾಗಿ ಬರೆಸಿ, ಆ ವರ್ಷದ ಕೊನೆಯ ಪರೀಕ್ಷೆಯ ಫಲಿತಾಂಶ ಬರುವ ತನಕ ಅಳಿಸಬೇಡಿ.